ಸೈಕಲ್ ಪೆಟ್ಟಿಗೆಗಿಂತ ಮೊದಲು ವೀಸಾ

ಸೋದರಿ, ಫ್ರಾನ್ಸಿನ ನಾಂತ್‌ನಿಂದ ಯುರೋವೆಲೊ 6 ಸೈಕಲ್ ಮಾರ್ಗ ಹಿಡಿದು ಕಪ್ಪು ಸಮುದ್ರದವರೆಗೆ ಸೈಕಲ್ ತುಳಿಯುವ ನಿಮ್ಮಿಬ್ಬರ ಆಸೆ ಓದಿ ಬಹಳ ಖುಷಿಯಾಯಿತು. ನೀವು ಕೇಳಿದ್ದು ಪ್ಯಾಕಿಂಗ್ ಬಗ್ಗೆ. ನನಗೆ ಹೆಚ್ಚು ಚಿಂತೆ ವೀಸಾದ್ದು. ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ದಾರಿ ಮಧ್ಯೆ ಷೆಂಗೆನ್‌ಗೆ ಸೇರದ ಸರ್ಬಿಯಾ ಬರುತ್ತದೆ. ಅದನ್ನು ದಾಟಿ ಮತ್ತೆ ಒಳಬರಲು ಮಲ್ಟಿಪಲ್ ಎಂಟ್ರಿ ವೀಸಾವನ್ನೇ ಕೇಳಿ.

ಇನ್ನು ಪ್ಯಾಕಿಂಗ್. ವಿಮಾನದಲ್ಲಿ ಸೈಕಲ್ ಒಯ್ಯಲು ಸೈಕಲ್ ಅಂಗಡಿಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆ ಸಾಕು, ಇಳಿದ ಮೇಲೆ ಹೊರುವ ಗೋಜಿಲ್ಲ. ಎಡ ಪೆಡಲ್ ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ. ಗೇರ್ ಬದಲಿಸುವ ಹಿಂದಿನ ಡಿರೇಲರ್ ಸುಲಭವಾಗಿ ಬಾಗುತ್ತದೆ, ಕಳಚಿ ಫ್ರೇಮ್ ಒಳಗೆ ಕಟ್ಟಿ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕ್ ತುದಿಗಳ ನಡುವೆ ಮರದ ತುಂಡು ಕೂರಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ಸ್ಟೌವಿನ ಗ್ಯಾಸ್ ಅಲ್ಲೇ ಕೊಳ್ಳಿ.