ಬೈದರೆ ಸಿಟ್ಟು ಇಳಿಯುತ್ತದೆಯೆ?

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತೆಂದರೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಪಂದ್ಯಾವಳಿಗಳ ಕಾಲ ಬಂತೆಂದೇ ಅರ್ಥ. ಹಾನುಬಾಳು, ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆ ಕಡೆಯ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಮಳೆ ಹಿಡಿದ ಮೇಲೆ ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ತೋಟದ ಮಾಲೀಕರು, ರೈಟರು, ಲೈನ್‌ಮನೆಯ ಕಾರ್ಮಿಕರು, ಶಾಲೆಯ ಮಕ್ಕಳು ಎಲ್ಲರೂ ಒಂದೇ ಅಂಕಣದ ಸುತ್ತ ಸೇರುವ ಸಂದರ್ಭ ವರ್ಷದಲ್ಲಿ ಹೆಚ್ಚಿಲ್ಲ. ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯದೇ.

ಆದರೆ ರಾತ್ರಿ ಹತ್ತು ದಾಟಿ ಪಂದ್ಯ ಬಿಗಿಯಾದಾಗ ಅಂಕಣದ ಹೊರಗೆ ಬೇರೊಂದು ಆಟ ಶುರುವಾಗುತ್ತದೆ. ಶಿರಾಡಿ ಹತ್ತಿ ಬಂದ ಘಟ್ಟದ ಕೆಳಗಿನ ತಂಡದ ಆಟಗಾರ ಗೆರೆ ದಾಟಿದನೆಂದರೆ ಅವನ ಮಾತಿನ ಧಾಟಿಯನ್ನು ಆಡಿಕೊಳ್ಳುವುದು, ಬಣ್ಣ ಹಿಡಿದು ಕೂಗುವುದು, ತಾಯಿ-ತಂಗಿಯರ ಹೆಸರೆತ್ತುವುದು, ಕೆಲವೊಮ್ಮೆ ಜಾತಿ ಎತ್ತುವುದು, ನೀರಿನ ಬಾಟಲಿ ಎಸೆಯುವುದು. ಮರುದಿನ ಕೇಳಿದರೆ ಬರುವ ಉತ್ತರ ಒಂದೇ: ‘ಆಟ ಅಂದಮೇಲೆ ಇದ್ದದ್ದೇ ಡಾಕ್ಟ್ರೇ. ಕೂಗಿಬಿಟ್ಟರೆ ಮನಸ್ಸು ಹಗುರ ಆಗುತ್ತೆ. ಒಳಗೇ ಇಟ್ಟುಕೊಂಡರೆ ಬಿ.ಪಿ. ಬರಲ್ವಾ?’

ಪ್ರಶ್ನೆ ತಮಾಷೆಯದಲ್ಲ. ಸಿಟ್ಟನ್ನು ಹೊರಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ಓದಿದವರಲ್ಲೂ ಇದೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಕುಕ್ಕರಿನ ಹೋಲಿಕೆ

ಮನಸ್ಸನ್ನು ನಾವು ಪ್ರೆಷರ್ ಕುಕ್ಕರಿನಂತೆ ಭಾವಿಸಿದ್ದೇವೆ. ಸೀಟಿ ಹೊಡೆದು ಆವಿ ಹೋದರೆ ಒತ್ತಡ ಇಳಿಯುತ್ತದೆ, ಹಾಗೆಯೇ ಬೈದರೆ ಸಿಟ್ಟು ಇಳಿಯುತ್ತದೆ ಎಂಬ ಲೆಕ್ಕ. ಪರೀಕ್ಷಿಸಿ ನೋಡಿದಾಗ ಈ ಲೆಕ್ಕ ಸರಿಹೋಗಿಲ್ಲ. ಅಮೆರಿಕದಲ್ಲಿ ಗೋಲ್ಡ್‌ಸ್ಟೀನ್ ಮತ್ತು ಆರ್ಮ್ಸ್ ಎಂಬ ಮನೋವಿಜ್ಞಾನಿಗಳು ಅಲ್ಲಿನ ಫುಟ್‌ಬಾಲ್ ಪಂದ್ಯವೊಂದಕ್ಕೆ ಬಂದ ಗಂಡಸರನ್ನು ಆಟಕ್ಕೆ ಮೊದಲು ಮತ್ತು ಆಟದ ನಂತರ ಪ್ರಶ್ನಿಸಿ, ಅವರ ಮನಸ್ಸಿನಲ್ಲಿದ್ದ ಹಗೆತನವನ್ನು ಅಳೆದರು. 1971ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಆಟ ಮುಗಿಸಿ ಹೊರಟವರಲ್ಲಿ ಹಗೆತನ ಹೆಚ್ಚಾಗಿತ್ತು. ತಮ್ಮ ತಂಡ ಗೆದ್ದವರಲ್ಲೂ ಹಾಗೇ, ಸೋತವರಲ್ಲೂ ಹಾಗೇ. ಅದೇ ಸಂಶೋಧಕರು ಜಿಮ್ನಾಸ್ಟಿಕ್ಸ್ ನೋಡಿ ಬಂದವರನ್ನು ಕೇಳಿದಾಗ ಈ ಏರಿಕೆ ಕಾಣಲಿಲ್ಲ.

2002ರಲ್ಲಿ ಬುಷ್‌ಮನ್ ಎಂಬವರು ಇನ್ನೂ ನೇರವಾಗಿ ಪರೀಕ್ಷಿಸಿದರು. ಬೇಕೆಂದೇ ಸಿಟ್ಟು ಬರಿಸಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಸಿಟ್ಟು ಬರಿಸಿದವನನ್ನೇ ನೆನೆದು ಗುದ್ದುಚೀಲಕ್ಕೆ ಗುದ್ದಲು ಹೇಳಿದರು. ಇನ್ನು ಕೆಲವರನ್ನು ಎರಡು ನಿಮಿಷ ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟು ಹೆಚ್ಚಿತು. ಸುಮ್ಮನೆ ಕುಳಿತವರು ಅವರಿಗಿಂತ ಶಾಂತವಾಗಿದ್ದರು. ಮತ್ತೆ ಮತ್ತೆ ಮಾಡಿದ್ದು ಅಭ್ಯಾಸವಾಗುವುದು ದೇಹದ ಗುಣ. ಬೈಗುಳವೂ ಅದಕ್ಕೆ ಹೊರತಲ್ಲ. ಇವತ್ತು ಎದುರಾಳಿ ರೈಡರ್‌ಗೆ ಕೂಗಿದವನ ಗಂಟಲು ನಾಳೆ ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಏರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಕೂಗುವವನ ಎದೆಯಲ್ಲಿ

ಸಿಟ್ಟು ಬಂದಾಗ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ, ರಕ್ತದ ಒತ್ತಡ ಎರಡೂ ಏರುತ್ತವೆ. ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿ ಬರುತ್ತದೆ. ಹುಲಿ ಎದುರಾದಾಗ ಓಡಲು ಇಲ್ಲವೇ ಹೊಡೆದಾಡಲು ಬೇಕಾದ ಸಿದ್ಧತೆ ಇದು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತವನಿಗೆ ಓಡಲೂ ಇಲ್ಲ, ಹೊಡೆದಾಡಲೂ ಇಲ್ಲ. ಸಿದ್ಧತೆಯ ಭಾರ ಮಾತ್ರ ಹೃದಯದ ಮೇಲೆ. 1995ರಲ್ಲಿ ಅಮೆರಿಕದ ವೈದ್ಯರು ಹೃದಯಾಘಾತವಾದವರನ್ನು ವಿಚಾರಿಸಿದಾಗ, ತೀವ್ರ ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಆಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚಿರುವುದು ತಿಳಿಯಿತು. 2006ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ, ಜರ್ಮನಿಯ ಪಂದ್ಯವಿದ್ದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಉಳಿದ ದಿನಗಳಿಗಿಂತ 2.66 ಪಟ್ಟು ಹೆಚ್ಚಾದವು. ಗಂಡಸರಲ್ಲಿ 3.26 ಪಟ್ಟು. ಮೊದಲೇ ಹೃದಯದ ಕಾಯಿಲೆ ಇದ್ದವರಲ್ಲಿ ಸುಮಾರು ನಾಲ್ಕು ಪಟ್ಟು.

ಗಾಬರಿಯಾಗಿ ಪಂದ್ಯ ನೋಡುವುದನ್ನೇ ಬಿಡಬೇಕಿಲ್ಲ. ಆದರೆ ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ರಾತ್ರಿಯ ಮಾತ್ರೆ ತಪ್ಪಿಸಿ, ಹೊಟ್ಟೆ ತುಂಬ ಬಾಡೂಟ ಉಂಡು, ಎರಡು ಪೆಗ್ ಹಾಕಿ, ಚಳಿಯಲ್ಲಿ ಕುಳಿತು ಕಿರುಚುವುದು ನಾಲ್ಕು ಅಪಾಯಗಳನ್ನು ಒಂದೇ ಚೀಲಕ್ಕೆ ತುಂಬಿದಂತೆ. ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಇವುಗಳಲ್ಲಿ ಒಂದು ಕಂಡರೂ ಫೈನಲ್ ಮುಗಿಯಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಿ. ನಮ್ಮ ಗುಡ್ಡದ ದಾರಿಗಳಲ್ಲಿ ಆಂಬ್ಯುಲೆನ್ಸ್ ತಡವಾಗುವಂತಿದ್ದರೆ ಸಿಕ್ಕಿದ ಜೀಪಿನಲ್ಲಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ಕರೆದೊಯ್ಯಿರಿ. ರೋಗಿ ತಾನೇ ಬೈಕ್ ಓಡಿಸಿಕೊಂಡು ಹೋಗಕೂಡದು.

ಒಳ್ಳೆಯ ಮನುಷ್ಯ ಹೀಗೇಕೆ?

ಹಗಲು ಅಂಗಡಿಯಲ್ಲಿ ‘ಬನ್ನಿ ಅಣ್ಣಾ, ಕೂತ್ಕಳಿ’ ಎನ್ನುವ ವ್ಯಕ್ತಿಯೇ ರಾತ್ರಿ ಹೀಗಾಗುವುದು ಹೇಗೆ? ಮೊದಲನೆಯದಾಗಿ, ತಂಡ ಎಂಬುದು ‘ನಾನು’ ಎಂಬುದರ ಒಂದು ಭಾಗವಾಗಿರುತ್ತದೆ. ಅಮೆರಿಕದ ಚಿಯಾಲ್ಡಿನಿ 1976ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಕಾಲೇಜು ತಂಡ ಗೆದ್ದ ಮರುವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆಯನ್ನು ಹೆಚ್ಚಾಗಿ ಧರಿಸುತ್ತಿದ್ದರು. ಗೆದ್ದಾಗ ‘ನಾವು ಗೆದ್ದೆವು’ ಎನ್ನುತ್ತಿದ್ದವರು ಸೋತಾಗ ‘ಅವರು ಸೋತರು’ ಎನ್ನುತ್ತಿದ್ದರು. ನಮ್ಮಲ್ಲೂ ಬೇರೆಯಲ್ಲ. ಹಾಗಾಗಿ ಎದುರಾಳಿ ಪಡೆದ ಒಂದೊಂದು ಪಾಯಿಂಟೂ ನನಗೇ ಬಿದ್ದ ಪೆಟ್ಟು ಎನಿಸುತ್ತದೆ. ಎರಡನೆಯದು ಗುಂಪು ಮತ್ತು ಕತ್ತಲೆ. ಬೆಳಕೆಲ್ಲ ಅಂಕಣದ ಮೇಲೆ, ಕೂಗುವವನ ಮುಖ ಕತ್ತಲಲ್ಲಿ. ಯಾರು ಕೂಗಿದರೆಂದು ಗೊತ್ತಾಗದ ಕಡೆ ನಾಚಿಕೆ ಕೆಲಸ ಮಾಡುವುದಿಲ್ಲ. ಇನ್ನು ಗುಂಡಿನ ವಿಷಯ. ಮಾತನ್ನು ತಡೆಹಿಡಿಯುವ ಮಿದುಳಿನ ಮುಂಭಾಗವನ್ನೇ ಮದ್ಯ ಮೊದಲು ಮಂಕುಗೊಳಿಸುತ್ತದೆ ಎಂದರೆ ಸಾಕು.

ಇದು ಹಳ್ಳಿಯವರ ಒರಟುತನ ಎಂದು ಪೇಟೆಯವರು ಭಾವಿಸಬಾರದು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ ಎಲ್ಲರಿಗೂ ನೆನಪಿದೆ. ಆಮೀರ್ ಸೊಹೈಲ್ ಕೆಣಕಿದ್ದು, ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಅವನ ವಿಕೆಟ್ ಕಿತ್ತಿದ್ದು. ಅಂದು ಜಾವೇದ್ ಮಿಯಾಂದಾದ್ ತಮ್ಮ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಡಿ ರನೌಟಾಗಿ ಹೊರನಡೆದರು. ಅವರಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದ್ದಕ್ಕೆ ಸಹಪ್ರೇಕ್ಷಕರೊಬ್ಬರು ತಮ್ಮ ಮೇಲೆ ಸಿಡಿಮಿಡಿಗೊಂಡದ್ದನ್ನು ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ನಾಲ್ಕೇ ದಿನಗಳ ನಂತರ, ಮಾರ್ಚ್ 13ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾ ವಿರುದ್ಧ ಭಾರತ 8 ವಿಕೆಟ್‌ಗೆ 120 ಆದಾಗ ಮೈದಾನಕ್ಕೆ ಬಾಟಲಿಗಳು ಬಿದ್ದವು, ಗ್ಯಾಲರಿಯಲ್ಲಿ ಬೆಂಕಿ ಎದ್ದಿತು. ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು.

ಈಗ ಕ್ರೀಡಾಂಗಣಕ್ಕೆ ಹೋಗಬೇಕೆಂದೂ ಇಲ್ಲ. 2023ರ ಮೇ 21ರಂದು ಚಿನ್ನಸ್ವಾಮಿಯಲ್ಲಿ ಗುಜರಾತ್ ತಂಡದ ಶುಭಮನ್ ಗಿಲ್ ಔಟಾಗದೆ 104 ಹೊಡೆದು ಆರ್‌ಸಿಬಿಯ ಆಸೆ ಮುರಿದಾಗ, ಅಭಿಮಾನಿಗಳೆನಿಸಿಕೊಂಡ ಕೆಲವರು ಮೊಬೈಲಿನಲ್ಲೇ ಆತನನ್ನೂ, ಆಟಕ್ಕೆ ಸಂಬಂಧವೇ ಇಲ್ಲದ ಆತನ ಸಹೋದರಿಯನ್ನೂ ಹೊಲಸು ಮಾತುಗಳಿಂದ ನಿಂದಿಸಿದರು. ದೆಹಲಿ ಮಹಿಳಾ ಆಯೋಗ ಪೊಲೀಸರಿಗೆ ನೋಟಿಸ್ ಕೊಡುವ ಮಟ್ಟಕ್ಕೆ ಅದು ಹೋಯಿತು. ಕತ್ತಲೆಯ ಕೆಲಸವನ್ನು ಇಲ್ಲಿ ಸುಳ್ಳು ಹೆಸರಿನ ಖಾತೆ ಮಾಡುತ್ತದೆ.

ಕೇಳಿಸಿಕೊಳ್ಳುವವನ ಉಸಿರು

ಬೈಗುಳ ಬೀಳುವ ಜಾಗ ಎಂಥದೆಂದು ತಿಳಿಯಲು ಕಬಡ್ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ರೈಡರ್ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರು ಅಂಗಳಕ್ಕೆ ನುಗ್ಗಬೇಕು. ಮೂವತ್ತು ಸೆಕೆಂಡಿನೊಳಗೆ ಗೆರೆಗೆ ಮರಳಬೇಕು. ಶ್ವಾಸಕೋಶ ತುಂಬ ಗಾಳಿ ಎಳೆದುಕೊಂಡು ನಿಧಾನವಾಗಿ ಬಿಡಬೇಕಾದ ಆಟ ಇದು. ಭಯ, ಅವಮಾನಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ, ಬಾಯಿ ಒಣಗುತ್ತದೆ, ಧ್ವನಿ ಕಟ್ಟುತ್ತದೆ, ತೊಡೆಯ ಸ್ನಾಯುಗಳು ಬಿಗಿಯುತ್ತವೆ. ಸಾವಿರ ಸಲ ಅಭ್ಯಾಸ ಮಾಡಿ ತಾನಾಗಿಯೇ ಬರುತ್ತಿದ್ದ ಕಾಲಿನ ಚಲನೆಯನ್ನು ಆಟಗಾರ ಯೋಚಿಸಿ ಮಾಡಲು ಹೋಗುತ್ತಾನೆ. ಯೋಚಿಸಿದ ಕಾಲು ತಡವಾಗುತ್ತದೆ. ಬಿಗಿದ ಮೈಯಲ್ಲಿ ಬಿದ್ದರೆ ಮಂಡಿ, ಭುಜಗಳಿಗೆ ಪೆಟ್ಟಾಗುವುದೂ ಹೆಚ್ಚು.

ಪಂದ್ಯದೊಂದಿಗೆ ಇದು ಮುಗಿದರೆ ಪರವಾಗಿಲ್ಲ ಎನ್ನಬಹುದಿತ್ತು. ಆದರೆ ಮುಗಿಯುವುದಿಲ್ಲ. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ, ಆಗ ವಿಶ್ವದ ಮೊದಲ ಸ್ಥಾನದಲ್ಲಿದ್ದ ಹತ್ತೊಂಬತ್ತರ ಟೆನಿಸ್ ಆಟಗಾರ್ತಿ ಮೋನಿಕಾ ಸೆಲೆಸ್‌ಗೆ, ಸ್ಟೆಫಿ ಗ್ರಾಫ್‌ಳ ಅಭಿಮಾನಿಯೊಬ್ಬ ಬೆನ್ನಿಗೆ ಚೂರಿಯಿಂದ ಇರಿದ. ಗಾಯ ಕೆಲವೇ ವಾರಗಳಲ್ಲಿ ಮಾಯಿತು. ಆಕೆ ಅಂಕಣಕ್ಕೆ ಮರಳಿದ್ದು 1995ರ ಬೇಸಿಗೆಯಲ್ಲಿ, ಎರಡು ವರ್ಷ ದಾಟಿದ ಮೇಲೆ. ನಡುವಿನ ಖಿನ್ನತೆ, ಹಿಡಿತವಿಲ್ಲದೆ ತಿನ್ನುವ ಕಾಯಿಲೆಗಳ ಬಗ್ಗೆ ಆಕೆಯೇ ಮುಂದೆ ಹೇಳಿಕೊಂಡರು. ಅತಿರೇಕದ ಉದಾಹರಣೆ ಇದು, ಒಪ್ಪುತ್ತೇನೆ. ನಮ್ಮಲ್ಲಿ ಯಾರೂ ಚೂರಿ ಹಿಡಿದು ಬರುವುದಿಲ್ಲ. ಆದರೆ 2021ರ ಜನವರಿಯಲ್ಲಿ ಸಿಡ್ನಿಯಲ್ಲಿ, ತಂದೆಯನ್ನು ಕಳೆದುಕೊಂಡು ಎರಡು ತಿಂಗಳೂ ಆಗಿರದ ಮೊಹಮ್ಮದ್ ಸಿರಾಜ್‌ಗೆ ಪ್ರೇಕ್ಷಕರು ಕೂಗಿದ ಮಾತಿಗೆ ಆಟವೇ ನಿಂತಾಗ, ನಮಗೆಲ್ಲ ಮೈ ಉರಿದಿತ್ತಲ್ಲವೆ?

ಈಗ ನಮ್ಮೂರಿನ ಲೈನ್‌ಮನೆಯ ಹದಿನೇಳರ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಪಕ್ಕದ ಊರಿನಲ್ಲಿ ಆಡಲು ಹೋದಾಗ ನೂರು ಜನ ಅವನ ಜಾತಿ ಹಿಡಿದು ಕೂಗಿದ್ದಾರೆ. ಅವನಿಗೆ ಸಿಕ್ಕಿದ್ದ ಒಂದೇ ಸಮಾನವಾದ ಜಾಗ ಆ ಅಂಕಣ. ಅಲ್ಲಿಯೂ ಅವನಿಗೆ ಅದೇ ನೆನಪಿಸಲಾಯಿತು. ಮುಂದಿನ ಪಂದ್ಯದ ಹೊತ್ತಿಗೆ ಹೊಟ್ಟೆನೋವು, ಆಮೇಲೆ ನಿದ್ರೆ ಇಲ್ಲ, ಆಮೇಲೆ ‘ಆಟ ಬೇಡ ಬಿಡಣ್ಣ’. ಹೆಣ್ಣುಮಕ್ಕಳ ವಾಲಿಬಾಲ್, ಥ್ರೋಬಾಲ್ ತಂಡಗಳ ಕಥೆ ಇನ್ನೂ ಚಿಕ್ಕದು. ಮೈಕಟ್ಟಿನ ಮೇಲೆ ಎರಡು ಮಾತು ಬಿದ್ದರೆ ಸಾಕು, ಮನೆಯವರು ಮುಂದಿನ ಸಲ ಕಳಿಸುವುದೇ ಇಲ್ಲ. ಜಾತಿ ನಿಂದನೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದನ್ನು ಸಂಘಟಕರು ತಿಳಿದಿರುವುದು ಒಳ್ಳೆಯದು. ‘ಆಟದ ಬಿಸಿಯಲ್ಲಿ ಅಂದದ್ದು’ ಎಂಬ ವಿನಾಯಿತಿ ಅದರಲ್ಲಿ ಇಲ್ಲ.

ಮೈಕಿನವರ ಕೈಯಲ್ಲಿ

ಹಾಗಾದರೆ ಬಾಯಿ ಮುಚ್ಚಿಕೊಂಡು ಕೂರಬೇಕೆ? ಖಂಡಿತ ಬೇಡ. ಸಿಳ್ಳೆ, ತಮಟೆ, ನಮ್ಮವರ ಹೆಸರಿನ ಜೈಕಾರ ಎಲ್ಲವೂ ಇರಲಿ. ‘ಏನ್ ಗುರೂ, ಕಾಲು ಗದ್ದೇಲಿ ಬಿಟ್ಟು ಬಂದ್ಯಾ?’ ಎಂಬಂಥ ಮಲೆನಾಡಿನ ಗೇಲಿಯೂ ಇರಲಿ. ಅದಕ್ಕೆ ಆಟಗಾರನೇ ನಗುತ್ತಾನೆ. ಕೂಗುವ ಮೊದಲು ಒಂದು ಪರೀಕ್ಷೆ ಮಾಡಬಹುದು: ಈ ಮಾತನ್ನು ನಾಳೆ ಸಂತೆಯಲ್ಲಿ, ಬೆಳಕಿನಲ್ಲಿ, ಅವನ ಅಪ್ಪನ ಎದುರಿಗೆ ಹೇಳಬಲ್ಲೆನೆ?

ಗುಂಪು ಕೆಟ್ಟದ್ದನ್ನು ಹೇಗೆ ಹರಡುತ್ತದೋ ಒಳ್ಳೆಯದನ್ನೂ ಹಾಗೆಯೇ ಹರಡುತ್ತದೆ. 1999ರ ಜನವರಿ 31ರಂದು ಮದ್ರಾಸಿನ ಚೆಪಾಕ್‌ನಲ್ಲಿ ಪಾಕಿಸ್ತಾನ 12 ರನ್ನುಗಳಿಂದ ಗೆದ್ದಿತು. ಕೊನೆಯದಾಗಿ ಬಿದ್ದ ವಿಕೆಟ್ ನಮ್ಮ ಜಿಲ್ಲೆಯ ಜಾವಗಲ್ ಊರಿನ ಹೆಸರು ಹೊತ್ತ ಶ್ರೀನಾಥ್‌ರದು. ಸೋಲಿನ ಸಂಕಟದಲ್ಲೂ ಇಡೀ ಕ್ರೀಡಾಂಗಣ ಎದ್ದುನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿತು. 2019ರ ಜೂನ್ 9ರಂದು ಲಂಡನ್ನಿನ ಓವಲ್‌ನಲ್ಲಿ, ಗಡಿಯಂಚಿನಲ್ಲಿದ್ದ ಸ್ಟೀವ್ ಸ್ಮಿತ್‌ರನ್ನು ಭಾರತದ ಅಭಿಮಾನಿಗಳು ಮೂದಲಿಸುತ್ತಿದ್ದಾಗ ವಿರಾಟ್ ಕೊಹ್ಲಿ ಬ್ಯಾಟಿಂಗ್ ನಡುವೆಯೇ ಅವರತ್ತ ತಿರುಗಿ ಚಪ್ಪಾಳೆ ತಟ್ಟುವಂತೆ ಸನ್ನೆ ಮಾಡಿದರು. 2023ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಫ್ಘಾನಿಸ್ತಾನದ ನವೀನ್ ಉಲ್ ಹಕ್‌ಗಾಗಿಯೂ ಅವರು ಹಾಗೇ ಮಾಡಿದರು. ಗುಂಪು ನಂಬುವ ಒಬ್ಬ ವ್ಯಕ್ತಿ ಸಾಕು.

ನಮ್ಮ ಪಂದ್ಯಾವಳಿಗಳಲ್ಲಿ ಆ ವ್ಯಕ್ತಿ ಮೈಕಿನವರು. ಎದುರಾಳಿಯ ಒಳ್ಳೆಯ ರೈಡನ್ನೂ ಹೆಸರು ಹಿಡಿದು ಹೊಗಳಿದರೆ, ಕೊಳಕು ಮಾತು ಕೇಳಿದೊಡನೆ ‘ಆಟ ನಿಲ್ಲಿಸುತ್ತೇವೆ’ ಎಂದು ಹೇಳಿ ನಿಜವಾಗಿಯೂ ಎರಡು ನಿಮಿಷ ನಿಲ್ಲಿಸಿದರೆ, ಪ್ರೇಕ್ಷಕರ ಕಡೆಗೂ ಒಂದು ದೀಪ ಹಾಕಿಸಿದರೆ ಅರ್ಧ ಗಲಾಟೆ ಇಳಿಯುತ್ತದೆ. ಹೊರಗಿನಿಂದ ಬಂದ ತಂಡಕ್ಕೆ ಕೂರಲು ಪ್ರತ್ಯೇಕ ಜಾಗ, ಕಾಫಿ-ತಿಂಡಿ ಕೊಡುವುದೂ ಮುಖ್ಯ. ಒಟ್ಟಿಗೆ ಉಂಡವರನ್ನು ಬೈಯಲು ನಾಲಿಗೆ ಅಷ್ಟು ಸುಲಭವಾಗಿ ಹೊರಳುವುದಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರಿಗೆ ಬೇರೆ ಹೇಳಬೇಕಿಲ್ಲ. ಅಪ್ಪ ಯಾವ ಮಾತು ಕೂಗಿದನೋ ಅದೇ ಮಾತು ಸೋಮವಾರ ಶಾಲೆಯ ಮೈದಾನದಲ್ಲಿ ಕೇಳಿಬರುತ್ತದೆ. ನಿಮಗೇ ಸಿಟ್ಟು ನೆತ್ತಿಗೇರಿದರೆ ಎದ್ದು ಚಹಾ ಅಂಗಡಿಯತನಕ ನಡೆದುಬನ್ನಿ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಹತ್ತು ಸಲ ಎಣಿಸಿ. ಎದೆಬಡಿತ ಇಳಿಯುವುದು ನಿಮಗೇ ತಿಳಿಯುತ್ತದೆ.

ಬೈಗುಳ ತಿಂದು ಬಂದ ಮಗನಿಗೋ ಮಗಳಿಗೋ ‘ತಲೆಗೆ ಹಾಕ್ಕೋಬೇಡ’ ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಏನೆಂದರು, ಹೇಗನಿಸಿತು ಎಂದು ಕೇಳಿ. ಮುಂದಿನ ಪಂದ್ಯಕ್ಕೆ ಮನೆಯವರು ಇಬ್ಬರಾದರೂ ಜೊತೆಗೆ ಹೋಗಿ. ನಿದ್ರೆ, ಹಸಿವು ಕೆಟ್ಟು ಎರಡು ವಾರ ದಾಟಿದರೆ, ಅಭ್ಯಾಸದ ಹೊತ್ತಿಗೆ ಸರಿಯಾಗಿ ತಲೆನೋವು ಹೊಟ್ಟೆನೋವು ಬರುತ್ತಿದ್ದರೆ, ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಒಮ್ಮೆಯಾದರೂ ಬಾಯಿಂದ ಬಂದರೆ ವೈದ್ಯರಿಗೆ ತೋರಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.