ಕುಡಿಯುವ ನೀರಿನ ರಾಸಾಯನಿಕ ಶುದ್ಧೀಕರಣ: ವೆಚ್ಚ ಯಾರ ಖಾತೆಗೆ?

ಕಾರ್ಖಾನೆಗೆ ಹೊಸ ಯಂತ್ರ ಕೊಳ್ಳುವಾಗ ಅನುಭವಸ್ಥ ಉದ್ಯಮಿ ಅದರ ಬೆಲೆಯನ್ನಷ್ಟೇ ಕೇಳುವುದಿಲ್ಲ. ವಿದ್ಯುತ್ತು ಎಷ್ಟು ಬೇಕು, ಬಿಡಿಭಾಗಗಳಿಗೆ ಏನು ಖರ್ಚು, ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದೂ ವಿಚಾರಿಸುತ್ತಾನೆ. ನಗರದ ಕುಡಿಯುವ ನೀರಿನ ಶುದ್ಧೀಕರಣ ಘಟಕದ ವಿಷಯದಲ್ಲಿ ಮಾತ್ರ ಸಾರ್ವಜನಿಕ ಚರ್ಚೆ ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಗೇ ನಿಂತುಬಿಡುತ್ತದೆ. ಘಟಕಕ್ಕೆ ಎಷ್ಟು ಕೋಟಿ ಮಂಜೂರಾಯಿತು ಎಂಬುದು ಸುದ್ದಿಯಾಗುತ್ತದೆ. ಅದನ್ನು ನಡೆಸುವ ಹಣ ಪ್ರತಿ ವರ್ಷ ಎಲ್ಲಿಂದ ಬರುತ್ತದೆ ಎಂಬುದು ಸುದ್ದಿಯಾಗುವುದಿಲ್ಲ.

ಈ ವಿಷಯವನ್ನು ಅರ್ಥಮಾಡಿಕೊಳ್ಳಲು ಅಮೆರಿಕದ ಎರಡು ನಗರಗಳ ಅನುಭವ ಬಹಳ ಉಪಯುಕ್ತವಾಗಿದೆ. ನಮ್ಮ ಸದಸ್ಯರು ನೀರಿನ ಬಿಲ್ಲು ಪಾವತಿಸುವವರೂ ಹೌದು, ತ್ಯಾಜ್ಯ ನೀರು ಹೊರಬಿಡುವವರೂ ಹೌದು. ಆದ್ದರಿಂದ ಈ ಲೆಕ್ಕದ ಎರಡೂ ಬದಿಗಳಲ್ಲಿ ನಮ್ಮ ಹೆಸರಿದೆ.

ಮೊದಲ ಉದಾಹರಣೆ: ವಿಲ್ಮಿಂಗ್ಟನ್

ಉತ್ತರ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್ ನಗರ ಹಾಗೂ ಸುತ್ತಲಿನ ಪ್ರದೇಶದ ಸುಮಾರು 2 ಲಕ್ಷ ಜನರಿಗೆ ಕೇಪ್ ಫಿಯರ್ ಸಾರ್ವಜನಿಕ ಸೇವಾ ಪ್ರಾಧಿಕಾರವು ನೀರು ಒದಗಿಸುತ್ತದೆ. ನೀರಿನ ಮುಖ್ಯ ಮೂಲ ಕೇಪ್ ಫಿಯರ್ ನದಿ. ಇದೇ ನದಿಯ ಮೇಲ್ಭಾಗದಲ್ಲಿ, ಫೇಯೆಟ್‌ವಿಲ್ ಬಳಿ, ಮೊದಲು ಡುಪಾಂಟ್ ಕಂಪನಿಯದಾಗಿದ್ದು 2015ರ ವಿಭಜನೆಯ ನಂತರ ಕೆಮೋರ್ಸ್ ಕಂಪನಿಗೆ ಸೇರಿದ ರಾಸಾಯನಿಕ ಕಾರ್ಖಾನೆಯಿದೆ. ಅಂಟದ ಪಾತ್ರೆಗಳ ಲೇಪನದಂಥ ಫ್ಲೋರೋಪಾಲಿಮರ್‌ಗಳ ತಯಾರಿಕೆಯಲ್ಲಿ ಬಳಸುವ ಜೆನ್‌ಎಕ್ಸ್ ಎಂಬ ರಾಸಾಯನಿಕವು ನಗರದ ಕುಡಿಯುವ ನೀರಿನಲ್ಲಿದೆ ಎಂಬ ಸಂಗತಿ 2017ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತಿಳಿಯಿತು. ಇದು ಪಿಎಫ್‌ಎಎಸ್ ಎಂಬ ರಾಸಾಯನಿಕ ಗುಂಪಿಗೆ ಸೇರಿದ್ದು. ಈ ಗುಂಪಿನ ವಸ್ತುಗಳು ನಿಸರ್ಗದಲ್ಲಿ ಸುಲಭವಾಗಿ ಶಿಥಿಲವಾಗುವುದಿಲ್ಲ. ಪಟಿಕ ಹಾಕಿ ತಿಳಿಗೊಳಿಸುವ, ಮರಳಿನಲ್ಲಿ ಸೋಸುವ, ಕ್ಲೋರಿನ್ ಬೆರೆಸುವ ವಾಡಿಕೆಯ ಕ್ರಮಗಳಿಗೆ ಇವು ಬಗ್ಗುವುದೂ ಇಲ್ಲ.

ಪ್ರಾಧಿಕಾರವು 2017ರ ಅಕ್ಟೋಬರ್‌ನಲ್ಲಿ ಕಂಪನಿಗಳ ಮೇಲೆ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆದರೆ ತೀರ್ಪು ಬರುವವರೆಗೆ ಜನರು ನೀರು ಕುಡಿಯದೆ ಕಾಯಲಾಗದು. 2019ರ ನವೆಂಬರ್‌ನಲ್ಲಿ ಸ್ವೀನಿ ಶುದ್ಧೀಕರಣ ಕೇಂದ್ರದಲ್ಲಿ ಆಕ್ಟಿವೇಟೆಡ್ ಕಾರ್ಬನ್ ಘಟಕದ ನಿರ್ಮಾಣ ಆರಂಭವಾಗಿ, 2022ರ ಅಕ್ಟೋಬರ್‌ನಲ್ಲಿ ಅದು ಚಾಲನೆಗೆ ಬಂದಿತು. ಎಂಟು ದೊಡ್ಡ ಶೋಧಕಗಳು. ಅವುಗಳಲ್ಲಿ ತುಂಬಿದ ಕಾರ್ಬನ್ ಹರಳು ಸುಮಾರು 30 ಲಕ್ಷ ಪೌಂಡ್. ನಿರ್ಮಾಣ ವೆಚ್ಚ ಸುಮಾರು 4.3 ಕೋಟಿ ಡಾಲರ್. ಘಟಕ ಕೆಲಸ ಆರಂಭಿಸಿದ ದಿನವೂ ದಾವೆ ತೀರ್ಮಾನವಾಗಿರಲಿಲ್ಲ. ಹೀಗಾಗಿ ಹೊರೆ ಬಿದ್ದದ್ದು ನೀರಿನ ಬಿಲ್ಲು ಕಟ್ಟುವ ಮನೆಗಳ ಮೇಲೆ, ಅಂಗಡಿಗಳ ಮೇಲೆ, ಸಣ್ಣ ಉದ್ಯಮಗಳ ಮೇಲೆ.

ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚ

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಗಮನಿಸಬೇಕಾದ ಮುಖ್ಯಾಂಶ ಇಲ್ಲಿದೆ. ಕಾರ್ಬನ್ ಹರಳು ರಾಸಾಯನಿಕವನ್ನು ನಾಶಮಾಡುವುದಿಲ್ಲ. ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಮೇಲ್ಮೈ ತುಂಬಿದ ಮೇಲೆ ಹರಳನ್ನು ಹೊರತೆಗೆದು, ಅಧಿಕ ಉಷ್ಣತೆಯಲ್ಲಿ ಪುನಶ್ಚೇತನಗೊಳಿಸಬೇಕು ಅಥವಾ ಹೊಸದನ್ನು ತುಂಬಬೇಕು. ಜೆನ್‌ಎಕ್ಸ್‌ನಂತಹ ಕಿರು ಸರಪಳಿಯ ಸಂಯುಕ್ತಗಳು ಕಾರ್ಬನ್ನನ್ನು ಬೇಗ ದಾಟಿ ಹೋಗುವುದರಿಂದ ಬದಲಾವಣೆಯೂ ಬೇಗ ಬೇಗ ಅಗತ್ಯವಾಗುತ್ತದೆ. ಘಟಕದ ನಿರ್ವಹಣೆಗೆ ಮೊದಲ ವರ್ಷ ಸುಮಾರು 37 ಲಕ್ಷ ಡಾಲರ್, ಮುಂದಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಎಂಬುದು ಆರಂಭದ ಅಂದಾಜಾಗಿತ್ತು.

ಈಗ ಸರಳವಾದ ಒಂದು ಲೆಕ್ಕ ಮಾಡೋಣ. ಬಡ್ಡಿ ಹಾಗೂ ಬೆಲೆಯೇರಿಕೆಯನ್ನು ಬದಿಗಿಟ್ಟು, ಘಟಕದ ಆಯುಷ್ಯ 20 ವರ್ಷ ಎಂದು ಭಾವಿಸಿದರೆ:

ನಿರ್ಮಾಣ ವೆಚ್ಚ, ಒಂದು ಸಲ: 4.3 ಕೋಟಿ ಡಾಲರ್
ನಿರ್ವಹಣೆ, ವರ್ಷಕ್ಕೆ 50 ಲಕ್ಷದಂತೆ 20 ವರ್ಷಕ್ಕೆ: 10 ಕೋಟಿ ಡಾಲರ್
ಒಟ್ಟು: 14.3 ಕೋಟಿ ಡಾಲರ್

ಅಂದರೆ ಉದ್ಘಾಟನೆಯ ಫಲಕದ ಮೇಲೆ ಬರೆಯುವ ಮೊತ್ತವು ನಿಜವಾದ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ನಿರ್ವಹಣೆಯೊಂದೇ ತಲೆಗೆ ವರ್ಷಕ್ಕೆ 25 ಡಾಲರ್ ಆಗುತ್ತದೆ. ಯಾವ ಸರ್ಕಾರದ ಅನುದಾನವೇ ಆಗಲಿ, ಸಾಮಾನ್ಯವಾಗಿ ಮೊದಲನೆಯ ಸಾಲಿಗೆ ದೊರೆಯುತ್ತದೆ. ಎರಡನೆಯ ಸಾಲನ್ನು ಬಳಕೆದಾರನೇ ತುಂಬಬೇಕಾಗುತ್ತದೆ.

ಎರಡನೆಯ ಉದಾಹರಣೆ: ಡೆ ಮಾಯ್ನ್

ವಿಲ್ಮಿಂಗ್ಟನ್‌ನಲ್ಲಿ ಮಾಲಿನ್ಯದ ಮೂಲ ಗೊತ್ತಿತ್ತು. ಮೂಲಗಳು ಸಾವಿರಾರು ಇದ್ದರೆ? ಅಯೋವಾ ರಾಜ್ಯದ ರಾಜಧಾನಿ ಡೆ ಮಾಯ್ನ್ ನಗರದ ಸಮಸ್ಯೆ ಇದೇ. ಇಲ್ಲಿಯ ನದಿಗಳಿಗೆ ಮೆಕ್ಕೆಜೋಳ ಹಾಗೂ ಸೋಯಾ ಹೊಲಗಳ ಗೊಬ್ಬರದಿಂದ ನೈಟ್ರೇಟ್ ಸೇರುತ್ತದೆ. ನಗರದ ನೀರು ಸಂಸ್ಥೆಯು 1990ರ ದಶಕದ ಆರಂಭದಲ್ಲಿಯೇ ಸುಮಾರು 41 ಲಕ್ಷ ಡಾಲರ್ ವೆಚ್ಚದಲ್ಲಿ ನೈಟ್ರೇಟ್ ತೆಗೆಯುವ ಘಟಕವನ್ನು ಕಟ್ಟಿತು. 2015ರಲ್ಲಿ ಅದನ್ನು 177 ದಿನ ನಡೆಸಬೇಕಾಗಿ ಬಂದು, ಆ ಒಂದೇ ವರ್ಷ ಸುಮಾರು 15 ಲಕ್ಷ ಡಾಲರ್ ಖರ್ಚಾಯಿತು.

ಅದೇ 2015ರಲ್ಲಿ ಸಂಸ್ಥೆಯು ನದಿಯ ಮೇಲ್ಭಾಗದ ಮೂರು ಕೌಂಟಿಗಳ ಒಳಚರಂಡಿ ಜಿಲ್ಲೆಗಳ ಮೇಲೆ ದಾವೆ ಹೂಡಿತು. ಇಂತಹ ಜಿಲ್ಲೆಗಳಿಂದ ಪರಿಹಾರ ಕೇಳಲು ರಾಜ್ಯದ ಕಾನೂನಿನಲ್ಲಿ ಅವಕಾಶವಿಲ್ಲವೆಂದು 2017ರ ಜನವರಿಯಲ್ಲಿ ಅಯೋವಾ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ವೆಚ್ಚ ನಗರದಲ್ಲೇ ಉಳಿಯಿತು. 2025ರ ಜೂನ್‌ನಲ್ಲಿ ನೈಟ್ರೇಟ್ ಮತ್ತೆ ಏರಿ, ಶುದ್ಧೀಕರಣ ಸಾಮರ್ಥ್ಯವು ಬೇಡಿಕೆಗೆ ಸಾಲದೆಂದು, ಆ ಪ್ರದೇಶದಲ್ಲಿ ಹುಲ್ಲುಹಾಸಿಗೆ ನೀರುಣಿಸುವುದನ್ನೇ ನಿಷೇಧಿಸಲಾಯಿತು.

ಈ ಉದಾಹರಣೆ ನಮಗೆ ದೂರದ್ದಲ್ಲ. ಭಾರತೀಯ ಮಾನಕ ಐಎಸ್ 10500ರಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ; ಅಮೆರಿಕದ ಮಿತಿಯೂ ಲೆಕ್ಕಕ್ಕೆ ಹೆಚ್ಚು ಕಡಿಮೆ ಇಷ್ಟೇ. ಅಂತರ್ಜಲದಲ್ಲಿ ಈ ಮಿತಿ ಮೀರಿದ ಮಾದರಿಗಳು ಹೆಚ್ಚಾಗಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ.

ಹಣದ ನಾಲ್ಕು ದಾರಿಗಳು

1. ನೀರಿನ ದರ. ಇದು ನಿಶ್ಚಿತವಾದ ಆದಾಯ. ಆದರೆ ಮಾಲಿನ್ಯದಲ್ಲಿ ಪಾಲಿಲ್ಲದವನೂ ತೆರಬೇಕು. ಬಡ ಕುಟುಂಬಕ್ಕೆ ಇದರ ಭಾರ ಹೆಚ್ಚು.

2. ಸಾಲ. ಇದನ್ನು ಹಣದ ಮೂಲವೆಂದು ಎಣಿಸುವುದು ವಾಡಿಕೆ. ವಾಸ್ತವದಲ್ಲಿ ಸಾಲವು ನಾಳಿನ ನೀರಿನ ದರವನ್ನು ಇಂದೇ ಖರ್ಚುಮಾಡುವ ವ್ಯವಸ್ಥೆ. ಮೇಲೆ ಬಡ್ಡಿ ಬೇರೆ.

3. ಸರ್ಕಾರದ ಅನುದಾನ. ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾಯಿದೆಯು ಪಿಎಫ್‌ಎಎಸ್ ಮತ್ತಿತರ ಹೊಸ ಕಲ್ಮಶಗಳಿಗಾಗಿ 900 ಕೋಟಿ ಡಾಲರ್ ತೆಗೆದಿರಿಸಿತು. ಇಡೀ ದೇಶದ ಅಗತ್ಯಕ್ಕೆ ಇದು ಅಲ್ಪ, ಅವಧಿಯೂ ಸೀಮಿತ.

4. ಮಾಲಿನ್ಯಕಾರನಿಂದ ವಸೂಲಿ. ನ್ಯಾಯವಾದ ದಾರಿ ಇದೇ, ಆದರೆ ನಿಧಾನ. 2024ರ ಮಾರ್ಚ್‌ನಲ್ಲಿ 3ಎಂ ಕಂಪನಿಯ ಸುಮಾರು 1,030 ಕೋಟಿ ಡಾಲರ್ ಮೌಲ್ಯದ ಒಪ್ಪಂದಕ್ಕೂ, ಅದಕ್ಕೆ ಮುನ್ನ ಫೆಬ್ರವರಿಯಲ್ಲಿ ಡುಪಾಂಟ್, ಕೆಮೋರ್ಸ್ ಹಾಗೂ ಕೋರ್ಟೇವಾ ಕಂಪನಿಗಳ 118.5 ಕೋಟಿ ಡಾಲರ್ ಒಪ್ಪಂದಕ್ಕೂ ನ್ಯಾಯಾಲಯದ ಅನುಮೋದನೆ ದೊರೆಯಿತು. ಹಣ ದೇಶದ ನೀರು ಸರಬರಾಜು ಸಂಸ್ಥೆಗಳಿಗೆ ಸಲ್ಲತಕ್ಕದ್ದು. ವಿಪರ್ಯಾಸವೆಂದರೆ, ಈ ಎರಡನೆಯ ಒಪ್ಪಂದದಲ್ಲಿ ಫೇಯೆಟ್‌ವಿಲ್ ಕಾರ್ಖಾನೆಗೆ ಸಂಬಂಧಿಸಿದ ಕೇಪ್ ಫಿಯರ್ ಕೆಳಕಣಿವೆಯ ಹಕ್ಕುಗಳು ಸೇರಿರಲಿಲ್ಲ. ವಿಲ್ಮಿಂಗ್ಟನ್ ತನ್ನ ದಾವೆಯನ್ನು ತಾನೇ ನಡೆಸಬೇಕಾಯಿತು.

ಇನ್ನೊಂದು ಅನಿಶ್ಚಿತತೆ ನಿಯಮಗಳದ್ದು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಈ ಗುಂಪಿನ ಎರಡು ಪ್ರಮುಖ ರಾಸಾಯನಿಕಗಳಿಗೆ ಲೀಟರಿಗೆ ತಲಾ 4 ನ್ಯಾನೋಗ್ರಾಂ, ಜೆನ್‌ಎಕ್ಸ್‌ಗೆ 10 ನ್ಯಾನೋಗ್ರಾಂ ಮಿತಿ ವಿಧಿಸಿತು. 2025ರ ಮೇ ತಿಂಗಳಲ್ಲಿ, ಮೊದಲೆರಡನ್ನು ಉಳಿಸಿಕೊಂಡು ಪಾಲನೆಯ ಗಡುವನ್ನು 2031ಕ್ಕೆ ಮುಂದೂಡುವ, ಜೆನ್‌ಎಕ್ಸ್ ಮಿತಿಯನ್ನು ಹಿಂಪಡೆಯುವ ಇಂಗಿತವನ್ನು ಪ್ರಕಟಿಸಿತು. ಘಟಕ ಕಟ್ಟಿದ ನಗರದ ವೆಚ್ಚ ಮಾತ್ರ ಹಿಂದಕ್ಕೆ ಹೋಗುವಂಥದ್ದಲ್ಲ.

ನಮ್ಮ ಕಾನೂನು

"ಮಾಲಿನ್ಯ ಮಾಡಿದವನೇ ತೆರಬೇಕು" ಎಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ, ತಮಿಳುನಾಡಿನ ಪಾಲಾರ್ ನದಿ ಪ್ರದೇಶದ ಚರ್ಮ ಹದಮಾಡುವ ಘಟಕಗಳ ವಿರುದ್ಧದ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ದೃಢಪಡಿಸಿತು. ಸಂತ್ರಸ್ತರಿಗೆ ಪರಿಹಾರವಷ್ಟೇ ಅಲ್ಲದೆ, ಕೆಟ್ಟ ಪರಿಸರವನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚವೂ ಮಾಲಿನ್ಯಕಾರನ ಹೊಣೆ ಎಂದಿತು. ಸಂಬಂಧಪಟ್ಟ ಜಿಲ್ಲೆಗಳ ಪ್ರತಿ ಘಟಕಕ್ಕೂ 10,000 ರೂಪಾಯಿ ದಂಡ ವಿಧಿಸಿತು. ಅವುಗಳಲ್ಲಿ ಬಹುಪಾಲು ಸಣ್ಣ ಘಟಕಗಳು ಎಂಬುದನ್ನು ಸದಸ್ಯರು ಮರೆಯಬಾರದು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯ 20ನೆಯ ಕಲಮು ಈ ತತ್ವವನ್ನು ಶಾಸನದಲ್ಲಿಯೇ ಸೇರಿಸಿದೆ.

ಸದಸ್ಯರಿಗೆ ಸೂಚನೆಗಳು

1. ಲೋಹಲೇಪನ, ಬಣ್ಣ ಹಾಕುವಿಕೆ, ಚರ್ಮ, ರಾಸಾಯನಿಕ ಉದ್ಯಮಗಳವರು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ನೀರಿನ ಪರೀಕ್ಷಾ ವರದಿ, ತ್ಯಾಜ್ಯ ಸಾಗಿಸಿದ ರಸೀದಿಗಳನ್ನು ತೆರಿಗೆಯ ದಾಖಲೆಗಳಷ್ಟೇ ಜೋಪಾನವಾಗಿ ಇಡತಕ್ಕದ್ದು. ನಾಳೆ ನದಿಯಲ್ಲಿ ಕಲ್ಮಶ ಕಂಡುಬಂದಾಗ ತಪ್ಪಿಲ್ಲದವನನ್ನು ಕಾಪಾಡುವುದು ಈ ಕಾಗದಗಳೇ.

2. ಲೆಕ್ಕಪತ್ರ ಮಾನಕ 29ರ ಪ್ರಕಾರ, ಹಿಂದಿನ ಘಟನೆಯಿಂದ ಇಂದು ಹೊಣೆ ಉಂಟಾಗಿದ್ದು, ಹಣ ತೆರಬೇಕಾಗುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಬಹುದಾದರೆ, ಅದಕ್ಕೆ ಲೆಕ್ಕದಲ್ಲಿಯೇ ಹಣ ಕಾದಿರಿಸಬೇಕು. ಕಾನೂನುಬಾಹಿರ ಮಾಲಿನ್ಯದ ಶುಚೀಕರಣ ವೆಚ್ಚವನ್ನು ಮಾನಕವೇ ಉದಾಹರಿಸುತ್ತದೆ. ಈ ಷರತ್ತುಗಳು ಪೂರ್ಣವಾಗದಿದ್ದಲ್ಲಿ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತೋರಿಸಬೇಕು; ತೀರ ದೂರದ ಸಂಭವವಾದರೆ ಮಾತ್ರ ಬಿಡಬಹುದು.

3. ಹಳೆಯ ಕಾರ್ಖಾನೆಯನ್ನಾಗಲಿ ಜಾಗವನ್ನಾಗಲಿ ಕೊಳ್ಳುವಾಗ ಮಣ್ಣು ಮತ್ತು ಕೊಳವೆಬಾವಿ ನೀರಿನ ಪರೀಕ್ಷೆ ಮಾಡಿಸಿರಿ. ಹಿಂದಿನವನ ಮಾಲಿನ್ಯ ಕ್ರಯಪತ್ರದೊಡನೆ ನಿಮ್ಮ ಮನೆಬಾಗಿಲಿಗೆ ಬರಬಹುದು.

4. ನಿಮ್ಮ ಊರಿನ ನಗರಸಭೆ ಶುದ್ಧೀಕರಣ ಘಟಕವನ್ನು ಪ್ರಸ್ತಾಪಿಸಿದಾಗ ಮೂರು ಪ್ರಶ್ನೆ ಕೇಳಿರಿ: ಶೋಧಕ ವಸ್ತುವನ್ನು ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು? ಬದಲಿಸಿದ ವಸ್ತು ಎಲ್ಲಿಗೆ ಹೋಗುತ್ತದೆ? ಐದನೆಯ ವರ್ಷದ ಆಯವ್ಯಯದಲ್ಲಿ ಇದಕ್ಕೆ ಯಾವ ಶೀರ್ಷಿಕೆಯಡಿ ಹಣ ಇಡಲಾಗಿದೆ?

ನದಿಗೆ ಸೇರಿದ ರಾಸಾಯನಿಕವನ್ನು ನೀರಿನಿಂದ ತೆಗೆಯುವುದಕ್ಕಿಂತ ಕಾರ್ಖಾನೆಯ ಕೊಳವೆಯ ಬಾಯಲ್ಲಿ ತಡೆಯುವುದು ಸುಲಭ. ಅಲ್ಲಿ ನೀರಿನ ಪ್ರಮಾಣ ಕಡಿಮೆ, ಕಲ್ಮಶದ ಗುರುತು ಸ್ಪಷ್ಟ, ತೆರುವವನೂ ಒಬ್ಬನೇ. ಅಲ್ಲಿ ಉಳಿಸಿದ ರೂಪಾಯಿ ಲಾಭವೆಂದು ಕಾಣಿಸಬಹುದು. ಆದರೆ ಅದು ಲಾಭವಲ್ಲ. ಊರಿನ ಹೆಸರಿನಲ್ಲಿ ಎತ್ತಿದ ಸಾಲ. ಅದನ್ನು ತೀರಿಸುವವರಲ್ಲಿ ನಮ್ಮ ಅಂಗಡಿಯೂ ನಮ್ಮ ಮನೆಯೂ ಸೇರಿರುತ್ತವೆ.