ಮಗ್ಗದ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದೇಕೆ?

ತೇರದಾಳ, ರಬಕವಿ, ಬನಹಟ್ಟಿ, ಮಹಾಲಿಂಗಪುರಗಳ ಮಗ್ಗದ ಹತ್ತಿ ಬಟ್ಟೆಯನ್ನು ಕೊಂಡು ಅಂಗಿ ಹೊಲಿಸಿದವರು ಒಂದು ದೂರು ಹೇಳುವುದುಂಟು. ಒಮ್ಮೆ ಒಗೆದೊಡನೆ ಕೊರಳ ಗುಂಡಿ ಕೂಡುವುದಿಲ್ಲ, ತೋಳು ಮೇಲೇರುತ್ತದೆ. ತಪ್ಪನ್ನು ನೇಕಾರನ ಮೇಲೆ ಇಲ್ಲವೆ ದರ್ಜಿಯ ಮೇಲೆ ಹೊರಿಸಿ ಮುಂದಿನ ಸಲ ನೈಲಾನ್, ಪಾಲಿಯೆಸ್ಟರ್ ಬಟ್ಟೆಗೆ ಹೋಗುತ್ತಾರೆ. ಹತ್ತಿ ಬೆಳೆಯುವ ರೈತನೇ ಹತ್ತಿ ಬಟ್ಟೆಯನ್ನು ಬಿಟ್ಟರೆ ನಷ್ಟ ಇಬ್ಬರಿಗೂ ಇದೆ. ಬಟ್ಟೆ ಕುಗ್ಗಿತೆಂದರೆ ನೂಲು ಕಳಪೆಯೆಂದು ಅರ್ಥವಲ್ಲ.

ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ. ಜೊತೆಗೆ ನೂಲಿಗೆ ಗಂಜಿ ಹಾಕಿರುತ್ತಾರೆ. ಬಟ್ಟೆಯನ್ನು ಮಗ್ಗದಿಂದ ಇಳಿಸಿದರೂ ಆ ಎಳೆತ ಪೂರ್ತಿ ಹೋಗುವುದಿಲ್ಲ. ಗಂಜಿ ಅದನ್ನು ಹಿಡಿದಿಟ್ಟಿರುತ್ತದೆ. ನೀರಿಗೆ ಹಾಕಿದಾಗ ಗಂಜಿ ಸಡಿಲಾಗಿ ನೂಲು ತನ್ನ ಸಹಜ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ಬಟ್ಟೆ ಅಗಲಕ್ಕಿಂತ ಉದ್ದದಲ್ಲಿಯೇ ಸಾಮಾನ್ಯವಾಗಿ ಹೆಚ್ಚು ಕುಗ್ಗುತ್ತದೆ.

ಎರಡನೆಯ ಕಾರಣ ಹತ್ತಿಯ ಎಳೆಯ ಗುಣ. ನೀರು ಹೀರಿದಾಗ ಎಳೆಯ ದಪ್ಪ ನೂರಕ್ಕೆ ಸುಮಾರು 20ರಷ್ಟು ಹೆಚ್ಚುತ್ತದೆ, ಉದ್ದವಾದರೋ ನೂರಕ್ಕೆ 1–2ರಷ್ಟು ಮಾತ್ರ. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ ಎಂಬುದನ್ನು ಬಲ್ಲ ರೈತನಿಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತದೆ: ಎಳೆ ಉಬ್ಬುತ್ತದೆ, ಬಟ್ಟೆ ಮಾತ್ರ ಚಿಕ್ಕದಾಗುತ್ತದೆ. ಹೊಕ್ಕಿನ ನೂಲು ಹಾಸಿನ ನೂಲನ್ನು ಸುತ್ತಿ ಹಾಯಬೇಕು. ಹಾಸಿನ ನೂಲು ದಪ್ಪವಾದರೆ ಸುತ್ತುವ ದಾರಿ ಹೆಚ್ಚಾಯಿತು. ನೂಲಿನ ಉದ್ದ ಇದ್ದಷ್ಟೇ ಇರುವುದರಿಂದ ನೂಲುಗಳು ಒಂದಕ್ಕೊಂದು ಹತ್ತಿರ ಸರಿಯಲೇಬೇಕು. ಹಗ್ಗದಿಂದ ಹೆಣೆದ ಹೊರಸು ಮಳೆಗೆ ನೆನೆದಾಗ ಬಿಗಿಯಾಗುವುದು ಇದೇ ರೀತಿಯಲ್ಲಿ.

ಸಂಸ್ಕರಿಸದ ಹತ್ತಿ ಬಟ್ಟೆ ಮೊದಲ ಒಗೆತಗಳಲ್ಲಿ ನೂರಕ್ಕೆ 5ರಿಂದ 10ರವರೆಗೆ ಕುಗ್ಗಬಹುದು. ನೂರಕ್ಕೆ 5ರಂತೆ ಹಿಡಿದರೂ 40 ಸೆಂ.ಮೀ. ಕೊರಳಪಟ್ಟಿಯಲ್ಲಿ 2 ಸೆಂ.ಮೀ. ಹೋಯಿತು. ನೂರಕ್ಕೆ 6ರಂತೆ ಎರಡೂವರೆ ಮೀಟರ್ ಬಟ್ಟೆಯಲ್ಲಿ 15 ಸೆಂ.ಮೀ. ಹೋಗುತ್ತದೆ. ಕೊಳ್ಳುವಾಗಲೇ ಅಷ್ಟು ಹೆಚ್ಚು ಕೊಳ್ಳುವುದು ಲೇಸು.

ಕುಗ್ಗುವುದನ್ನು ತಡೆಯುವ ಸುಲಭ ಉಪಾಯವೆಂದರೆ ಹೊಲಿಸುವ ಮೊದಲೇ ಕುಗ್ಗಿಸಿಬಿಡುವುದು. ಬಟ್ಟೆಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಹಿಂಡದೆ ನೀರು ಬಸಿದು, ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಬೇಕು. ಹೀಗೆ ಎರಡು ಸಲ ಮಾಡಿದರೆ ಇನ್ನೂ ಒಳ್ಳೆಯದು. ಕೊರಳಪಟ್ಟಿಯ ಒಳಗಿನ ಕ್ಯಾನ್ವಾಸನ್ನೂ ನೆನೆಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಬಟ್ಟೆಯ ಗುಣ ತಿಳಿಯಬೇಕೆನ್ನುವವರು ತುಂಡಿನ ಮೇಲೆ 20 ಸೆಂ.ಮೀ. ಚೌಕ ಗುರುತಿಸಿ, ಒಗೆದು ಒಣಗಿಸಿ, ಮತ್ತೆ ಅಳೆಯಲಿ. ಒಂದು ಸೆಂ.ಮೀ. ಕಡಿಮೆಯಾದರೆ ನೂರಕ್ಕೆ 5 ಕುಗ್ಗಿತೆಂದು ಲೆಕ್ಕ. ಗಿರಣಿಯ ಬಟ್ಟೆಯ ಮೇಲೆ ‘ಸ್ಯಾನ್‌ಫೊರೈಸ್ಡ್’ ಎಂಬ ಮುದ್ರೆ ಇದ್ದರೆ ಅದನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸಿದ್ದಾರೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರ ಸುಮಾರಿನಲ್ಲಿ ರೂಪಿಸಿದ ಈ ವಿಧಾನಕ್ಕೆ ಅವನ ಹೆಸರೇ ನಿಂತಿದೆ.

ಇಳಕಲ್ ಸೀರೆಗೆ ಈ ನೆನೆಹಾಕುವ ಕ್ರಮ ಸಲ್ಲದು. ಅದರ ಮೈ ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡೂ ಒಂದೇ ಸಮನೆ ಕುಗ್ಗದಿದ್ದರೆ ಅಂಚಿನಲ್ಲಿ ನೆರಿಗೆ ಬೀಳುತ್ತದೆ. ತಣ್ಣೀರಿನಲ್ಲಿ ಬೇಗನೆ ಅದ್ದಿ ತೆಗೆದು, ಹಿಂಡದೆ, ನೆರಳಿನಲ್ಲಿ ಚಾಚಿ ಒಣಗಿಸುವುದೇ ದಾರಿ.

ಕಂಬಳಿಯ ಮಾತು ಬೇರೆ

ಉಣ್ಣೆ ಕುಗ್ಗುವ ಬಗೆ ಇನ್ನೊಂದು. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಹುರುಪೆಗಳಿವೆ, ಅವೆಲ್ಲ ತುದಿಯ ಕಡೆಗೆ ಮುಖ ಮಾಡಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಎಳೆಗಳು ಒಂದೇ ದಿಕ್ಕಿಗೆ ಸರಿದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಹಿಂದಕ್ಕೆ ಬರಲಾರವು. ದಖ್ಖನಿ ಕುರಿಯ ಒರಟು ಉಣ್ಣೆ ಮೆರಿನೋದಷ್ಟು ಬೇಗ ಗಟ್ಟಿಯಾಗುವುದಿಲ್ಲ. ಆದರೂ ಕಲ್ಲಿನ ಮೇಲೆ ಬಡಿದ ಕಂಬಳಿ ಕುಗ್ಗಿಯೇ ಕುಗ್ಗುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ನೊರೆ ಬಾರದೆಂದು ಕೆಲವರು ವಾಷಿಂಗ್ ಸೋಡಾ ಸುರಿದು ಇನ್ನಷ್ಟು ತಿಕ್ಕುತ್ತಾರೆ. ಸೋಡಾ ಹತ್ತಿಗೆ ನಡೆಯುತ್ತದೆ, ಉಣ್ಣೆಯನ್ನು ಕೆಡಿಸುತ್ತದೆ. ಅಂಟುವಾಳಕಾಯಿಯ ನೀರಿನಲ್ಲಿ ಕಂಬಳಿಯನ್ನು ಮೆಲ್ಲಗೆ ಒತ್ತಿ ಒಗೆದು, ಜಾಲಿಸುವಾಗಲೂ ಅದೇ ಹದದ ತಣ್ಣೀರನ್ನೇ ಬಳಸಿ, ಹಗ್ಗಕ್ಕೆ ಜೋತು ಹಾಕದೆ ಸ್ವಚ್ಛ ಹಾಸಿನ ಮೇಲೆ ಹರವಿ ಒಣಗಿಸಬೇಕು. ವಾಷಿಂಗ್ ಮಷಿನಿಗೆ ಕಂಬಳಿ ಹಾಕುವುದು ಬೇಡ.

ಈಗಾಗಲೇ ಕುಗ್ಗಿದ ಹತ್ತಿ ಅಂಗಿಯನ್ನು ಒದ್ದೆಯಿರುವಾಗ ಉದ್ದಕ್ಕೂ ಅಗಲಕ್ಕೂ ಕೈಯಿಂದ ಎಳೆದು ಇಸ್ತ್ರಿ ಮಾಡಿದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ, ಮುಂದಿನ ಒಗೆತಕ್ಕೆ ಮತ್ತೆ ಕುಗ್ಗಬಹುದು. ಗಟ್ಟಿಯಾದ ಕಂಬಳಿಗೆ ಆ ಉಪಾಯವೂ ಇಲ್ಲ. ಅದು ಹಾಸಲು ಮಾತ್ರ ಬರುತ್ತದೆ.